ಗೋವೆಯಿಂದ ಹಿಮಖಂಡಕ್ಕೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಅಂಟಾರ್ಕ್ಟಿಕಾಕ್ಕೆ ಕರೆದೊಯ್ಯುವ ವಿಹಾರನೌಕೆಯ ವಿವರಗಳನ್ನು ಕಳುಹಿಸಿ, "ಸರ್, ಇದು ನಮ್ಮಂಥವರು ಹೋಗತಕ್ಕ ಜಾಗವೇ?" ಎಂದು ಕೇಳಿದ್ದಾರೆ. ಸಮಾಜ ಪಾಠ ಹೇಳಿದವನಿಗೆ ಚುಟುಕಾಗಿ ಉತ್ತರಿಸುವ ಅಭ್ಯಾಸವಿಲ್ಲ. ದರ್ಬೆಯ ಮನೆಯ ಜಗಲಿಯಲ್ಲಿ ಕುಳಿತು ಬರೆದ ಈ ದೀರ್ಘ ಉತ್ತರವನ್ನು ಉಳಿದವರೂ ಓದಲಿ.

ಭಾರತೀಯರು ಆ ಖಂಡಕ್ಕೆ ಮೊದಲ ಬಾರಿಗೆ ತಮ್ಮದೇ ತಂಡ ಕಟ್ಟಿಕೊಂಡು ಹೋದದ್ದು ವಿಹಾರಕ್ಕಲ್ಲ. 1981ರ ಡಿಸೆಂಬರ್ 6ರಂದು ನಮ್ಮ ನೆರೆಯ ಗೋವೆಯಿಂದ 'ಪೋಲಾರ್ ಸರ್ಕಲ್' ಎಂಬ ಹಡಗು ಹೊರಟಿತು. ಅದು ನಾರ್ವೆಯಿಂದ ಬಾಡಿಗೆಗೆ ಪಡೆದ ಹಡಗು. ಡಾ. ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ 21 ಮಂದಿ ಇದ್ದರು. ಎಲ್ಲಿಗೆ ಹೋಗುತ್ತಿದ್ದಾರೆಂಬುದು ಗುಟ್ಟಾಗಿತ್ತು. 1982ರ ಜನವರಿ 9ರಂದು ಅವರು ಹಿಮದ ಮೇಲೆ ಕಾಲಿಟ್ಟ ಬಳಿಕವೇ ಜಗತ್ತಿಗೆ ತಿಳಿದದ್ದು. ಅಲ್ಲಿ ಕಳೆದದ್ದು ಸುಮಾರು 10 ದಿನ. ಗೋವೆಗೆ ಮರಳಿದ್ದು ಫೆಬ್ರವರಿ 21ಕ್ಕೆ.

ಗುಟ್ಟೇಕೆ? 1959ರ ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಭಾರತ ಆಗಿನ್ನೂ ಸಹಿ ಹಾಕಿರಲಿಲ್ಲ. ಆ ಖಂಡದ ವಿಚಾರವನ್ನು ವಿಶ್ವಸಂಸ್ಥೆಯಲ್ಲಿ ಚರ್ಚಿಸಬೇಕೆಂದು 1956ರಲ್ಲಿಯೇ ಕೇಳಿದ್ದ ದೇಶ ನಮ್ಮದು, ಆಗ ಕೇಳುವವರಿರಲಿಲ್ಲ. ಒಪ್ಪಂದದ ಕೂಟದಲ್ಲಿ ಮತ ಬೇಕಾದರೆ ಅಲ್ಲಿ ಗಣನೀಯ ಸಂಶೋಧನೆ ಮಾಡಿ ತೋರಿಸಬೇಕು. ಹಾಗಾಗಿ ಮೊದಲು ಹೋಗಿ, ಆಮೇಲೆ ಮಾತಾಡಿದರು. 1983ರ ಆಗಸ್ಟ್‌ನಲ್ಲಿ ಸಹಿ, ಸೆಪ್ಟೆಂಬರ್‌ನಲ್ಲಿ ಮತಾಧಿಕಾರ. ಇದನ್ನು ನಾನು ಜಾಣತನವೆಂದೇ ತಿಳಿಯುತ್ತೇನೆ.

1983-84ರಲ್ಲಿ ಮೂರನೆಯ ಯಾತ್ರೆ ಕಟ್ಟಿದ 'ದಕ್ಷಿಣ ಗಂಗೋತ್ರಿ' ಕೆಲವೇ ವರ್ಷಗಳಲ್ಲಿ ಹಿಮದಡಿ ಹೂತುಹೋಯಿತು. ಸುದೀಪ್ತಾ ಸೇನ್‌ಗುಪ್ತಾ ಮತ್ತು ಅದಿತಿ ಪಂತ್ ಎಂಬ ಇಬ್ಬರು ವಿಜ್ಞಾನಿಗಳು ಆ ಯಾತ್ರೆಯಲ್ಲಿದ್ದರು. ನನ್ನ ಹೆಣ್ಣುಮಕ್ಕಳು ಈ ಹೆಸರುಗಳನ್ನು ಮರೆಯಬಾರದು. ಬಳಿಕ 'ಮೈತ್ರಿ'ಯನ್ನು ಬಂಡೆನೆಲದ ಮೇಲೆ ಕಟ್ಟಿದರು. 2012ರಲ್ಲಿ 'ಭಾರತಿ' ಬಂತು. ಈ ಯಾತ್ರಿಕರ ಬುತ್ತಿಯಲ್ಲಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ ಪದಾರ್ಥಗಳೂ ಇದ್ದವೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

ವಿಹಾರದ ಕಥೆ ಬೇರೆ. 1966ರಲ್ಲಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಸ್ವೀಡನ್ ಮೂಲದ ಉದ್ಯಮಿ ಅರ್ಜೆಂಟೀನಾದ ನೌಕಾಪಡೆಯ ಹಡಗನ್ನು ಗೊತ್ತುಮಾಡಿ ಪ್ರವಾಸಿಗರನ್ನು ಕರೆದೊಯ್ದರು. ಮೂರು ವರ್ಷಗಳ ಬಳಿಕ ಇದಕ್ಕೆಂದೇ ಒಂದು ಹಡಗನ್ನು ಕಟ್ಟಿಸಿದರು. ಮುಂದೆ 'ಎಕ್ಸ್‌ಪ್ಲೋರರ್' ಎಂದು ಹೆಸರಾದ ಅದೇ ಹಡಗು 2007ರ ನವೆಂಬರ್ 23ರಂದು ಮಂಜುಗಡ್ಡೆಗೆ ತಾಗಿ ಮುಳುಗಿತು. ಅದರಲ್ಲಿದ್ದ 154 ಮಂದಿಯೂ ಬದುಕಿದ್ದು ಗಾಳಿ ಶಾಂತವಾಗಿದ್ದುದರಿಂದ ಮತ್ತು ಇನ್ನೊಂದು ಹಡಗು ಹತ್ತಿರದಲ್ಲಿದ್ದುದರಿಂದ. 1979ರಲ್ಲಿ ಎರೆಬಸ್ ಪರ್ವತಕ್ಕೆ ಬಡಿದ ನ್ಯೂಜಿಲೆಂಡಿನ ವಿಹಾರ ವಿಮಾನದ 257 ಮಂದಿಗೆ ಆ ಭಾಗ್ಯವಿರಲಿಲ್ಲ.

ಈಗ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಹೋಗುತ್ತಿದ್ದಾರೆ. 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿನಿಂದ ಯಾರೂ ದಡಕ್ಕೆ ಇಳಿಯುವಂತಿಲ್ಲ. ಒಂದೆಡೆ ಒಮ್ಮೆಗೆ 100 ಮಂದಿ ಮಾತ್ರ. ಪೆಂಗ್ವಿನ್‌ನಿಂದ ಐದು ಮೀಟರ್ ದೂರ ನಿಲ್ಲಬೇಕು. ಬೂಟಿನ ಅಡಿಯಲ್ಲಿ ಅಂಟಿದ ಬೀಜವನ್ನೂ ತೊಳೆದು ಇಳಿಯಬೇಕು. ನಮ್ಮ ತೋಟಗಳನ್ನು ಕಮ್ಯುನಿಸ್ಟ್ ಗಿಡ ಹೇಗೆ ಆಕ್ರಮಿಸಿತೆಂಬುದನ್ನು ಕಂಡ ಪುತ್ತೂರಿನವರಿಗೆ ಈ ನಿಯಮದ ಕಾರಣವನ್ನು ವಿವರಿಸಬೇಕಾಗಿಲ್ಲ. ಭಾರತವೂ 2022ರಲ್ಲಿ ಅಂಟಾರ್ಕ್ಟಿಕ್ ಕಾಯ್ದೆಯನ್ನು ಮಾಡಿತು. 2024ರ ಮೇ ತಿಂಗಳಲ್ಲಿ ಕೊಚ್ಚಿಯಲ್ಲಿ ಒಪ್ಪಂದದ ರಾಷ್ಟ್ರಗಳು ಸೇರಿದಾಗ ಪ್ರವಾಸೋದ್ಯಮವೇ ಮುಖ್ಯ ಚರ್ಚೆಗಳಲ್ಲೊಂದಾಗಿತ್ತು.

ಹಾಗಾದರೆ ಹೋಗಬೇಕೇ? ಹೋಗಬಹುದು, ಸಣ್ಣ ಹಡಗನ್ನೇ ಆರಿಸಿಕೊಳ್ಳಿ. ಆದರೆ ಒಂದು ಮಾತು. ಅರ್ಜೆಂಟೀನಾದ ಉಶುವಾಯಾದಿಂದ ಹೊರಡುವ ವಿಹಾರನೌಕೆಗಳು ಸುಮಾರು ಎರಡು ದಿನ ಡ್ರೇಕ್ ಜಲಸಂಧಿಯ ಹೊಯ್ದಾಟವನ್ನು ಸಹಿಸಿ ತಲುಪುವುದು ಪರ್ಯಾಯದ್ವೀಪವನ್ನು. ಮೈತ್ರಿಯೂ ಭಾರತಿಯೂ ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರ. ನಮ್ಮ ಧ್ವಜ ಕಂಡೀತೆಂಬ ಆಸೆಯಿಂದ ಹಣ ಕಟ್ಟಬೇಡಿ.