ಒಂದೇ ತೋಟಾದ ಸಾಧಕರು

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿ, ಸ್ವಿಟ್ಜರ್‌ಲ್ಯಾಂಡ್‌ಗಳಿಂದ ಅಮೆರಿಕಕ್ಕೆ ವಲಸೆಹೋದ ಜನರು ತಮ್ಮ ಭಾಷೆ, ಹಬ್ಬಗಳೊಡನೆ ಷೂಟ್ಸೆನ್ ಎಂಬ ಗುರಿಕಾರರ ಸಂಘಗಳನ್ನೂ ಕೊಂಡೊಯ್ದರು. ನಿಂತ ನಿಲುವಿನಲ್ಲಿಯೇ ಕೋವಿಯನ್ನೆತ್ತಿ 200 ಗಜದಾಚೆಯ ಗುರಿಯನ್ನು ಭೇದಿಸಬೇಕಾದ ಆ ಸ್ಪರ್ಧೆಗಳಲ್ಲಿ ಕಾರ್ಖಾನೆಯ ಸಿದ್ಧ ತೋಟಾಗಳನ್ನು ನೆಚ್ಚಿದವರು ವಿರಳ. ಸೀಸವನ್ನು ಕರಗಿಸಿ ಗುಂಡನ್ನು ತಾವೇ ಎರಕಹೊಯ್ದು, ಹಿತ್ತಾಳೆಯ ಒಂದೇ ತೋಟಾಕೋಶಕ್ಕೆ ಪ್ರತಿಯೊಂದು ಹೊಡೆತಕ್ಕೂ ಮತ್ತೆ ಮತ್ತೆ ಮದ್ದು ತುಂಬಿ, ಸಮರೂಪತೆಯನ್ನೇ ಸಿದ್ಧಿಯೆಂದು ಬಗೆಯುವುದು ಅಲ್ಲಿಯ ನುರಿತವರ ಪದ್ಧತಿಯಾಗಿದ್ದಿತು.

ಈ ಕಲೆಗೆ ಶಿಖರಪ್ರಾಯನಾದವನು 1861ರಲ್ಲಿ ಜನಿಸಿದ ಹ್ಯಾರಿ ಪೋಪ್. ಅವನು ಕೊರೆದ ಎಂಟು ಗೀರುಗಳ ನಳಿಗೆಯಲ್ಲಿ ಮದ್ದಿನ ಕೋಶವು ಹಿಂದಿನಿಂದ ಸೇರಿದರೆ, ಗುಂಡು ಮಾತ್ರ, ನಳಿಗೆಯ ಬಾಯಿಗೆ ತಾತ್ಕಾಲಿಕವಾಗಿ ಜೋಡಿಸಿದ ಉಕ್ಕಿನ ತುಂಡೊಂದರ ಮೂಲಕ ಮುಂದಿನಿಂದ ಇಳಿದು, ಹಿಂದಣ ಹೊಡೆತದ ಕಿಟ್ಟವನ್ನು ತಾನೇ ತಳ್ಳಿಕೊಂಡು, ತಳದ ಅಂಚು ನಲುಗದೆ ನೆಲೆಗೊಳ್ಳುತ್ತಿದ್ದಿತು. ನಳಿಗೆಯನ್ನಗಲುವ ಕಡೆಯ ಕ್ಷಣದಲ್ಲಿ ಗುಂಡಿನ ಗತಿಯನ್ನು ಕೆಡಿಸುವುದೂ ಕಾಯುವುದೂ ಆ ತಳವೇ ಆದುದರಿಂದ, ಇಂತಹ ಸೂಕ್ಷ್ಮವನ್ನು ಕಂಡ ಕಣ್ಣನ್ನು ವಿಜ್ಞಾನಿಯ ಕಣ್ಣೆಂದೇ ನಾನು ಗೌರವಿಸುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನು ತೆರೆದ ಅಂಗಡಿಯನ್ನು 1906ರ ಭೂಕಂಪ ಕಬಳಿಸಿತು. ಮೊದಲ ಮಹಾಯುದ್ಧದ ಕಾಲದ ಜರ್ಮನ್ ದ್ವೇಷದಲ್ಲಿ ಸಂಘಗಳೂ ಕ್ಷೀಣಿಸಿದವು. ಆದರೂ ಪೋಪ್ ಜರ್ಸಿ ಸಿಟಿಯ ತನ್ನ ಕಾರ್ಯಾಗಾರದಲ್ಲಿ ವೃದ್ಧಾಪ್ಯದವರೆಗೂ ನಳಿಗೆಗಳನ್ನು ಕೊರೆಯುತ್ತಲೇ ಇದ್ದು, 1950ರಲ್ಲಿ ತೀರಿಕೊಂಡನು.