ದೆಹಲಿಯ ಸೊನ್ನೆ: ಜನಗಣತಿಯ ಒಂದು ಅಂಕಣದ ತಪ್ಪು ಓದು

2011ರ ಜನಗಣತಿಯಲ್ಲಿ ದೆಹಲಿಯ ಜನಸಂಖ್ಯೆ 1,67,87,941. ಪರಿಶಿಷ್ಟ ಪಂಗಡದವರು ಸೊನ್ನೆ. ಹರಿಯಾಣದಲ್ಲೂ ಸೊನ್ನೆ, ಅಂದರೆ ಗುರುಗ್ರಾಮ, ಫರೀದಾಬಾದುಗಳಲ್ಲೂ ಸೊನ್ನೆ. ದೇಶದೇಶಗಳ ಜನಾಂಗ ಸಂಬಂಧಗಳನ್ನು ಹೋಲಿಸುವವರು ಈ ಅಂಕಿಯನ್ನು ಅಮೆರಿಕದ ಜನಾಂಗವಾರು ಅಂಕಿಗಳ ಪಕ್ಕದಲ್ಲಿಟ್ಟು, ನಮ್ಮ ರಾಜಧಾನಿಯ ಸಮಸ್ಯೆ ಜಾತಿಯದು, ಜನಾಂಗದ್ದಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸಾಕ್ಷಿಗೆ ಸಮಾಜಶಾಸ್ತ್ರಜ್ಞ ಆಂದ್ರೆ ಬೆತೇಯ್ ಇದ್ದೇ ಇದ್ದಾರೆ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ದಶಕಗಳ ಕಾಲ ಪಾಠ ಹೇಳಿದ ಅವರು, ಜನಾಂಗಭೇದದ ವಿರುದ್ಧದ 2001ರ ಡರ್ಬನ್ ಸಮ್ಮೇಳನದ ಹೊತ್ತಿನಲ್ಲಿ, ಜಾತಿಯನ್ನು ಜನಾಂಗವೆನ್ನುವುದು ವೈಜ್ಞಾನಿಕವಾಗಿ ಅಸಂಬದ್ಧ ಎಂದು ವಾದಿಸಿದ್ದರು. ಅದು ಸರಿಯಾದ ಮಾತೇ. ಸಂಯುಕ್ತ ಪ್ರಾಂತ್ಯದ ಹೊರಗೆ ಮೂಗಿನ ಅಳತೆಗೂ ಜಾತಿಯ ಮೇಲುಕೀಳಿಗೂ ತಾಳೆಯಾಗುವುದಿಲ್ಲವೆಂದು ಸಮಾಜಶಾಸ್ತ್ರಜ್ಞ ಘುರ್ಯೆ 1932ರಲ್ಲೇ ತೋರಿಸಿ, ಜಾತಿಯ ಮೂಲ ಜನಾಂಗವೆಂದ ಬ್ರಿಟಿಷ್ ಜನಗಣತಿ ಅಧಿಕಾರಿ ರಿಸ್ಲಿಯ ಸಿದ್ಧಾಂತದ ಬುಡ ಅಲುಗಿಸಿದ್ದರು. 1948ರಲ್ಲಿ ಅಂಬೇಡ್ಕರ್, ಅಸ್ಪೃಶ್ಯರು ಬೇರೆ ಜನಾಂಗವಲ್ಲವೆಂದು ವಾದಿಸಲು ಆ ಅಳತೆಗಳನ್ನೇ ಬಳಸಿಕೊಂಡರು. ಆದರೆ ಜಾತಿ ಜನಾಂಗವಲ್ಲ ಎಂದಮಾತ್ರಕ್ಕೆ ಜನಾಂಗಭೇದ ಇಲ್ಲವೆಂದಾಗದು. ಬೆತೇಯ್ ಹೇಳಿದ್ದು ಮೊದಲನೆಯದನ್ನು. ಎರಡನೆಯದು ಅವರ ಓದುಗರ ಸೇರ್ಪಡೆ.

ಈ ಸೊನ್ನೆ ಹುಟ್ಟುವ ಬಗೆಯನ್ನು ನೋಡಬೇಕು. ಸಂವಿಧಾನದ 342ನೇ ವಿಧಿಯಂತೆ ಪರಿಶಿಷ್ಟ ಪಂಗಡಗಳನ್ನು ಆಯಾ ರಾಜ್ಯಕ್ಕೆ, ಕೇಂದ್ರಾಡಳಿತ ಪ್ರದೇಶಕ್ಕೆ ಪ್ರತ್ಯೇಕವಾಗಿ ಅಧಿಸೂಚಿಸಲಾಗುತ್ತದೆ. ಎಣಿಕೆದಾರ ಆ ಸ್ಥಳದ ಪಟ್ಟಿಯಲ್ಲಿರುವ ಹೆಸರನ್ನಷ್ಟೇ ಆ ಅಂಕಣಕ್ಕೆ ಸೇರಿಸುತ್ತಾನೆ. ದೆಹಲಿಗೆ ಅಂಥ ಪಟ್ಟಿಯೇ ಇಲ್ಲ. ಹಾಗಾಗಿ ಮುನಿರ್ಕಾದ ಬಾಡಿಗೆ ಕೋಣೆಯಲ್ಲಿರುವ ಅಂಗಾಮಿ ನಾಗಾ ಹುಡುಗಿ ಅಲ್ಲಿ ಪಂಗಡದವಳಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ದೆಹಲಿಯಲ್ಲಿ ನೆಲೆಸಿದರೆ ಅವನ ಗತಿಯೂ ಅದೇ. ರಾಷ್ಟ್ರ ರಾಜಧಾನಿ ವಲಯಕ್ಕೇ ಸೇರಿದ ಆಲ್ವಾರದ ಮೀನಾ ರೈತ ತನ್ನೂರಿನಲ್ಲಿ ಪಂಗಡದವನು, ಅದೇ ವಲಯದ ದೆಹಲಿಯಲ್ಲಿ ಅಲ್ಲ. ನೋಯ್ಡಾದಲ್ಲಿ ಅಂಕಣ ಖಾಲಿಯಿಲ್ಲ, ನಿಜ. ಆದರೆ ಉತ್ತರ ಪ್ರದೇಶದ ಪಟ್ಟಿಯಲ್ಲಿ ಥಾರು, ಬುಕ್ಸಾ ಇದ್ದಾರೆಯೇ ಹೊರತು ನಾಗಾ ಇಲ್ಲ. (ಇದೇ ದೆಹಲಿಯ ಕೇಂದ್ರ ಸಚಿವಾಲಯಗಳ ನೇಮಕಾತಿಯಲ್ಲಿ ಪಂಗಡಗಳಿಗೆ ಶೇ. 7.5 ಮೀಸಲಾತಿ ಇದೆ. ಒಂದು ಕಡತಕ್ಕೆ ಕಾಣುವ ಮನುಷ್ಯ ಇನ್ನೊಂದಕ್ಕೆ ಕಾಣುವುದಿಲ್ಲ.) ಫ್ರಾನ್ಸಿನ ಮೌನದ ಜೊತೆ ಇದನ್ನು ಹೋಲಿಸುವ ಜಾಣತನವೂ ನಡೆದಿದೆ. ಫ್ರಾನ್ಸ್ ಜನಗಣತಿಯಲ್ಲಿ ಜನಾಂಗದ ಪ್ರಶ್ನೆಯನ್ನೇ ಕೇಳುವುದಿಲ್ಲ. ದೆಹಲಿಯಲ್ಲಿ ಪಂಗಡದ ಪ್ರಶ್ನೆ ನಮೂನೆಯಲ್ಲಿದೆ, ಉತ್ತರಕ್ಕೆ ಜಾಗವಿಲ್ಲ. ಎರಡೂ ಬೇರೆ ಬೇರೆ ಸಂಗತಿಗಳು.

ದೆಹಲಿಯಲ್ಲಿರುವ ಈಶಾನ್ಯದವರನ್ನು ಎಣಿಸಲು ಜನಗಣತಿಯ ಜನ್ಮಸ್ಥಳದ ಕೋಷ್ಟಕವಿದೆಯಲ್ಲ ಎಂಬ ಆಕ್ಷೇಪ ಬರುತ್ತದೆ. ಅದರಲ್ಲಿ ಗುವಾಹಟಿಯಲ್ಲಿ ಹುಟ್ಟಿದ ಮಾರವಾಡಿ ವ್ಯಾಪಾರಿ ಈಶಾನ್ಯದವನಾಗುತ್ತಾನೆ, ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಹುಟ್ಟಿದ ಮಿಜೋ ಮಗು ದೆಹಲಿಯದಾಗುತ್ತದೆ. ಮಾತೃಭಾಷೆಯ ಕೋಷ್ಟಕ ಇದಕ್ಕಿಂತ ವಾಸಿ, ಆದರೆ ದೇಶದಲ್ಲಿ 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರನ್ನು ಅದು ಬಿಡಿಯಾಗಿ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬೀದಿಯಲ್ಲಿ ಅವಮಾನಿಸುವವನು ಮುಖ ನೋಡುತ್ತಾನೆ, ಪಟ್ಟಿಯನ್ನಲ್ಲ. ಮಣಿಪುರದ ಮೈತೇಯಿಗಳು ಪರಿಶಿಷ್ಟ ಪಂಗಡವೇ ಅಲ್ಲ. ಬೈಗುಳ ಅವರನ್ನೂ ಬಿಡುವುದಿಲ್ಲ. 2012ರಲ್ಲಿ ಗೃಹ ಸಚಿವಾಲಯ, ಈಶಾನ್ಯದವರನ್ನು 'ಚಿಂಕಿ' ಎಂದು ಹೀಯಾಳಿಸುವವರ ಮೇಲೆ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯಡಿ ಮೊಕದ್ದಮೆ ಹೂಡಲು ರಾಜ್ಯಗಳಿಗೆ ಸೂಚಿಸಿತು. ಆ ಕಾಯ್ದೆಯ ರಕ್ಷಣೆ ನಿಂತಿರುವುದೂ ಪಟ್ಟಿಯ ಮೇಲೆಯೇ.

ಎಣಿಸಿದರೆ ಜನಾಂಗಭಾವನೆ ಗಟ್ಟಿಯಾಗುತ್ತದೆ ಎಂಬ ಭಯವನ್ನು ಹಗುರಾಗಿ ತಳ್ಳಿಹಾಕಲಾರೆ; ರಿಸ್ಲಿಯ ನೆನಪಿರುವವರು ಯಾರೂ ತಳ್ಳಿಹಾಕಲಾರರು. ಆದರೆ 2014ರ ಜನವರಿ ಕೊನೆಯಲ್ಲಿ ಲಜಪತ ನಗರದಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾನ ಕೂದಲನ್ನು ಲೇವಡಿ ಮಾಡಿ, ಜಗಳ ತೆಗೆದು, ಅವನು ಸಾಯುವಷ್ಟು ಹೊಡೆದವರಿಗೆ ಯಾವ ಜನಗಣತಿಯ ಪ್ರೇರಣೆಯೂ ಬೇಕಿರಲಿಲ್ಲ. ಆ ಸಾವಿನ ನಂತರ ನೇಮಕವಾದ ಬೇಜ್‌ಬರುವಾ ಸಮಿತಿ, ಜನಾಂಗೀಯ ನಿಂದನೆ ಮತ್ತು ಹಲ್ಲೆಗಳಿಗೆ ದಂಡಸಂಹಿತೆಯಲ್ಲೇ ಪ್ರತ್ಯೇಕ ಕಲಮುಗಳು ಬೇಕೆಂದು ಅದೇ ವರ್ಷ ಶಿಫಾರಸು ಮಾಡಿತು. ಸರ್ಕಾರವೇ ನೇಮಿಸಿದ ಸಮಿತಿ ಕಂಡ ಈ ಸಮಸ್ಯೆಯನ್ನು, ಒಂದು ಖಾಲಿ ಪಟ್ಟಿಯ ಬಲದಿಂದ ಇಲ್ಲವೆನ್ನುವುದು ವಿದ್ವತ್ತಲ್ಲ. ಹೋಲಿಕೆಯ ಕೋಷ್ಟಕ ಬರೆಯುವವರು ದೆಹಲಿ, ಹರಿಯಾಣಗಳ ಮುಂದೆ ಸೊನ್ನೆ ಹಾಕುವುದನ್ನು ನಿಲ್ಲಿಸಿ, 'ಎಣಿಸಿಲ್ಲ' ಎಂದು ಬರೆಯಲಿ.