ಕಪ್ಪಾ: ಹೊಳೆಯಲ್ಲಿರೋ ಮಗು
(ಏಷ್ಯಾದ ಭೂತಗಳು, ಭಾಗ 4)

1/8
ಜಪಾನಿನ ಇವಾತೆ ಪ್ರಾಂತ್ಯದಲ್ಲಿ ತೋನೋ ಅಂತ ಒಂದು ಊರಿದೆ. ಅಲ್ಲಿ ನಿಮಗೆ ಒಂದು ಲೈಸೆನ್ಸ್ ಸಿಗುತ್ತೆ. ಗಾಡಿ ಓಡಿಸೋಕಲ್ಲ, ಭೂತ ಹಿಡಿಯೋಕೆ! ಕೊಡೋದು ಅಲ್ಲಿನ ಪ್ರವಾಸೋದ್ಯಮ ಸಂಘ. ಅದರ ನಿಯಮಗಳು ಹೀಗಿವೆ: ಜೀವಂತವಾಗಿ ಹಿಡಿಯಬೇಕು, ಗಾಯ ಮಾಡಬಾರದು. ತಲೆ ಮೇಲಿನ ತಟ್ಟೆಯ ನೀರು ಚೆಲ್ಲಬಾರದು. ಲೋಹದ ಸಾಮಾನು ಬಳಸಬಾರದು. ಗಾಳಕ್ಕೆ ತಾಜಾ ತರಕಾರಿಯನ್ನೇ ಕಟ್ಟಬೇಕು. ಹಿಡಿದ ಪ್ರಾಣಿಯ ಮುಖ ಕಡುಕೆಂಪಾಗಿರಬೇಕು, ಬಾಯಿ ದೊಡ್ಡದಿರಬೇಕು.

ಅಪ್ಪ-ಅಮ್ಮ ಮಕ್ಕಳನ್ನು ಕರ್ಕೊಂಡು ಬಂದು, ಜೋಕೆಂಜಿ ದೇವಸ್ಥಾನದ ಹಿಂದಿನ ತೊರೆಯಲ್ಲಿ ಕೋಲಿಗೆ ಸೌತೆಕಾಯಿ ಕಟ್ಟಿ ಇಳಿಬಿಟ್ಟು ಫೋಟೋ ತೆಗೀತಾರೆ. ಆ ಜಾಗದ ಹೆಸರು ಕಪ್ಪಾಬುಚಿ, ಅಂದ್ರೆ ಕಪ್ಪಾ ಮಡು.

ಮುದ್ದಾಗಿದೆ ಅಲ್ವಾ? ಆದರೆ ಆ "ಕೆಂಪು ಮುಖ" ಅನ್ನೋ ನಿಯಮ ಇದೆಯಲ್ಲ, ಅದನ್ನು ನೆನಪಲ್ಲಿಟ್ಕೊಳ್ಳಿ. ಈ ಕಥೆ ಅಷ್ಟು ಮುದ್ದಾಗಿಲ್ಲ.

2/8
ಮೊದಲು ಪರಿಚಯ. ಕಪ್ಪಾ ಅಂದ್ರೆ ನಮ್ಮ ಕಪ್ಪೆ ಅಲ್ಲ. ಜಪಾನಿ ಭಾಷೆಯ "ಕಾವಾ" (ಹೊಳೆ) ಮತ್ತು "ವರಾವಾ" (ಮಗು) ಸೇರಿ ಆದ ಹೆಸರು. ಹೊಳೆಯ ಮಗು. ಗಾತ್ರವೂ ಚಿಕ್ಕ ಹುಡುಗನಷ್ಟೇ. ಬೆನ್ನ ಮೇಲೆ ಆಮೆ ಚಿಪ್ಪು, ಬಾಯಿ ಕೊಕ್ಕಿನ ಹಾಗೆ, ಬೆರಳುಗಳ ಮಧ್ಯೆ ಪೊರೆ. ನೆತ್ತಿಯಲ್ಲಿ ಒಂದು ತಟ್ಟೆ, ಅದರಲ್ಲಿ ನೀರು. ಅದರ ಶಕ್ತಿಯೆಲ್ಲ ಆ ನೀರಲ್ಲೇ.

ತಪ್ಪಿಸಿಕೊಳ್ಳೋ ಉಪಾಯ ಚೆನ್ನಾಗಿದೆ ಕೇಳಿ. ಕಪ್ಪಾ ಎದುರಾದ್ರೆ ಬಗ್ಗಿ ನಮಸ್ಕಾರ ಮಾಡಿ. ಅದು ಮರ್ಯಾದಸ್ಥ ಭೂತ, ತಿರುಗಿ ಬಗ್ಗಿಯೇ ಬಗ್ಗುತ್ತೆ. ನೀರು ಚೆಲ್ಲಿ ಹೋಗುತ್ತೆ, ಶಕ್ತಿಯೂ ಖಾಲಿ.

ಸೌತೆಕಾಯಿ ಅಂದ್ರೆ ಅದಕ್ಕೆ ಪ್ರಾಣ. ಸೌತೆಕಾಯಿ ಸುಶಿಗೆ ಇವತ್ತಿಗೂ "ಕಪ್ಪಾಮಾಕಿ" ಅಂತಲೇ ಹೆಸರು.

3/8
ಈಗ ಹಳೇ ಕಪ್ಪಾ. ಅದು ಈಜೋಕೆ ಇಳಿದ ಮಕ್ಕಳ ಕಾಲು ಹಿಡಿದು ಆಳಕ್ಕೆ ಎಳೀತಿತ್ತು. ಆಮೇಲೆ ಮೈಯೊಳಗಿಂದ "ಶಿರಿಕೋದಾಮಾ" ಅನ್ನೋ ಗೋಲಿಯಂಥ ವಸ್ತುವನ್ನು ಕಿತ್ಕೊಳ್ತಿತ್ತಂತೆ. ಎಲ್ಲಿಂದ ಕಿತ್ಕೊಳ್ತಿತ್ತು ಅಂದ್ರೆ... ಹಿಂಭಾಗದಿಂದ. ನಗಬೇಡಿ! ಮುಳುಗಿ ಸತ್ತವರ ಮೈ ಸಡಿಲವಾಗಿ ಗುದದ್ವಾರ ತೆರೆದುಕೊಂಡಿರುತ್ತೆ. ದಡಕ್ಕೆ ಬಂದ ಮಗುವಿನ ಶವ ನೋಡಿದ ಹಳ್ಳಿಯವರು "ಒಳಗಿಂದ ಏನನ್ನೋ ಯಾರೋ ತೆಗೆದಿದ್ದಾರೆ" ಅಂತ ಅಂದುಕೊಂಡಿರಬೇಕು. ಈ ನಂಬಿಕೆಗೆ ಸಾಮಾನ್ಯವಾಗಿ ಕೊಡೋ ವಿವರಣೆ ಇದೇ.

ಅಂದ್ರೆ ಆ ತಮಾಷೆಯ ವಿವರದ ಹಿಂದೆ ಒಂದು ಶವ ಇದೆ. ಅದನ್ನು ಎತ್ತಿಕೊಂಡು ಮನೆಗೆ ಹೋದ ಒಬ್ಬ ತಾಯಿ ಇದ್ದಾಳೆ.

4/8
ಕಪ್ಪಾ ಕುದುರೆಗಳನ್ನೂ ಬಿಡ್ತಿರಲಿಲ್ಲ. ತೋನೋ ಕುದುರೆ ಸಾಕೋ ಸೀಮೆ. ಅಲ್ಲಿನ ಹಳೇ ಮನೆಗಳು ಇಂಗ್ಲಿಷಿನ ಎಲ್ ಅಕ್ಷರದ ಆಕಾರ. ಒಂದು ಕಡೆ ಜನ, ಇನ್ನೊಂದು ಕಡೆ ಕುದುರೆ, ಮೇಲೆ ಒಂದೇ ಸೂರು.

ಅಲ್ಲಿನ ಒಂದು ಕಥೆ ಹೀಗಿದೆ. ನೀರಿಗಿಳಿದ ಕುದುರೆಯನ್ನು ಕಪ್ಪಾ ಎಳೆಯೋಕೆ ಹೋಯ್ತು. ಕುದುರೆಯೇ ಅದನ್ನು ಎಳ್ಕೊಂಡು ಲಾಯಕ್ಕೆ ಬಂತು! ಮೇವಿನ ತೊಟ್ಟಿ ಅಡಿ ಬಚ್ಚಿಟ್ಕೊಂಡಿದ್ದ ಕಪ್ಪಾ ಸಿಕ್ಕಿಬಿತ್ತು. ಕೊಲ್ಲೋದಾ ಬಿಡೋದಾ ಅಂತ ಊರವರು ಚರ್ಚೆ ಮಾಡಿದ್ರು. "ಇನ್ಮೇಲೆ ಈ ಊರಿನ ಕುದುರೆ ಮುಟ್ಟಲ್ಲ" ಅಂತ ಭಾಷೆ ತಗೊಂಡು ಬಿಟ್ಟರು.

ಈ ಕಥೆ ನಮಗೆ ಸಿಕ್ಕಿದ್ದು 1910ರಲ್ಲಿ ಬಂದ "ತೋನೋ ಮೊನೊಗತಾರಿ" ಎಂಬ ಪುಸ್ತಕದಿಂದ. ತೋನೋ ಹುಡುಗ ಸಸಾಕಿ ಕಿಝೆನ್ ಹೇಳುತ್ತಾ ಹೋದ, ಯಾನಾಗಿತಾ ಕುನಿಯೊ ಬರೆದುಕೊಂಡರು. ಒಟ್ಟು 119 ಕಥೆಗಳು. ಮೊದಲ ಮುದ್ರಣ ಬರೀ 350 ಪ್ರತಿ. ಇವತ್ತು ಜಪಾನಿನ ಜಾನಪದ ಅಧ್ಯಯನ ಶುರುವಾಗಿದ್ದೇ ಇಲ್ಲಿಂದ ಅಂತಾರೆ.

5/8
ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ: ಬೇರೆ ಊರುಗಳ ಕಪ್ಪಾ ಮುಖ ಹಸಿರಂತೆ, ತೋನೋ ಕಪ್ಪಾ ಮುಖ ಮಾತ್ರ ಕೆಂಪು. ಮತ್ತೊಂದು ಕಥೆಯಲ್ಲಿ ಒಂದು ಮನೆಯಲ್ಲಿ ಕಪ್ಪಾಗೆ ಹುಟ್ಟಿದ್ದು ಅಂತ ಹೇಳೋ ಮಗುವನ್ನು ಕತ್ತರಿಸಿ, ಪೀಪಾಯಿಗಳಲ್ಲಿ ಹಾಕಿ ಮಣ್ಣಲ್ಲಿ ಹೂಳ್ತಾರೆ.

ಯಾಕೆ ಇಷ್ಟು ಕ್ರೂರ? ಈಶಾನ್ಯ ಜಪಾನಿನಲ್ಲಿ ಬೇಸಿಗೆ ತಣ್ಣಗಾದ್ರೆ ಭತ್ತ ಕಾಳುಕಟ್ಟಲ್ಲ. 1782ರಿಂದ 1788ರವರೆಗೆ ತೆನ್‌ಮೇ ಬರಗಾಲ ಬಂತು. ಮಧ್ಯೆ 1783ರಲ್ಲಿ ಅಸಾಮಾ ಜ್ವಾಲಾಮುಖಿ ಬೇರೆ ಸಿಡಿಯಿತು. ಲಕ್ಷಾಂತರ ಜನ ಸತ್ತರು. ಆ ಕಾಲದಲ್ಲಿ ಹುಟ್ಟಿದ ಕೂಸನ್ನು ಸಾಕಲಾಗದೆ ಕೊಲ್ಲೋದಿತ್ತು. ಅದಕ್ಕೆ "ಮಬಿಕಿ" ಅಂತಿದ್ರು, ಅಂದ್ರೆ ಪೈರು ದಟ್ಟವಾದಾಗ ನಡುನಡುವೆ ಕಿತ್ತು ಬಿಸಾಕೋದು. ರೈತರ ಮಾತು, ನೋಡಿ.

ಜಪಾನಿ ಭಾಷೆಯಲ್ಲಿ ಎಳೆಗೂಸಿಗೆ "ಅಕಾಗೊ" ಅಂತಾರೆ. ಅರ್ಥ: ಕೆಂಪು ಮಗು. ಹೊಳೆಗೆ ಬಿಟ್ಟ ಕೂಸುಗಳ ನೆನಪೇ ಕೆಂಪು ಮುಖದ ಕಪ್ಪಾ ಆಯ್ತು ಅನ್ನೋ ವ್ಯಾಖ್ಯಾನ ಇದೆ. ಇದು ವ್ಯಾಖ್ಯಾನ, ಸಾಬೀತಾದ ಇತಿಹಾಸ ಅಲ್ಲ. ಆದರೆ ಬರಗಾಲ ಕಥೆಯಲ್ಲ. ಅದೇ ತೋನೋದ ಕಾಡಲ್ಲಿ, ಬರದಲ್ಲಿ ಸತ್ತವರಿಗಾಗಿ 18ನೇ ಶತಮಾನದ ಒಬ್ಬ ಭಿಕ್ಷು ಬಂಡೆಗಳ ಮೇಲೆ ಐನೂರು ಅರ್ಹಂತರನ್ನು ಕೆತ್ತಿದ. ಈಗ ಆ ಮುಖಗಳ ಮೇಲೆ ಪಾಚಿ ಬೆಳೆದಿದೆ.

6/8
ಮೇಜಿ ಕಾಲ ಬಂತು, ರೈಲು ಬಂತು, ಶಾಲೆ ಬಂತು. "ಇವೆಲ್ಲ ಮೂಢನಂಬಿಕೆ" ಅಂತ ಊರೂರು ಸುತ್ತಿ ಭಾಷಣ ಮಾಡಿದವರು ಇನೊವೆ ಎನ್ರಿಯೊ (1858–1919). ಜನ ಇಟ್ಟ ಹೆಸರು "ಭೂತದ ಡಾಕ್ಟರ್". ಅವರು ಟೋಕಿಯೊದಲ್ಲಿ ಕಟ್ಟಿದ ತತ್ವಶಾಸ್ತ್ರದ ತೋಟ ಈಗ ಪಬ್ಲಿಕ್ ಪಾರ್ಕ್, ಮಕ್ಕಳು ಆಡ್ತಾರೆ. ಮಜಾ ಏನು ಗೊತ್ತಾ? ಅದರ ಒಂದು ಬಾಗಿಲಲ್ಲಿ ಕಾವಲಿಗೆ ನಿಂತಿರೋದೂ ಭೂತಗಳೇ.

ಎನ್ರಿಯೊ ಕೇಳಿದ ಪ್ರಶ್ನೆ: ಭೂತ ಇದೆಯಾ, ಇಲ್ವಾ? ಯಾನಾಗಿತಾ ಕೇಳಿದ್ದು: ಜನ ಯಾಕೆ ಹೀಗೆ ಹೇಳ್ತಾರೆ? ನನ್ನ ಪ್ರಕಾರ ಇತಿಹಾಸ ಓದೋರಿಗೆ ಎರಡನೇ ಪ್ರಶ್ನೆಯೇ ಬೇಕು.

7/8
ಆಮೇಲೆ ಕಪ್ಪಾ ಮೆತ್ತಗಾಯ್ತು. ಕಾಮಿಕ್ಸ್, ಜಾಹೀರಾತು, ಊರಿನ ಮ್ಯಾಸ್ಕಾಟ್. ಸಕಾಯಿಮಿನಾತೊ ಊರಿನಲ್ಲಿ ಮಾಂಗಾ ಕಲಾವಿದ ಮಿಜುಕಿ ಶಿಗೆರು ಅವರ ಹೆಸರಿನ ರಸ್ತೆ ಇದೆ. 1993ರಲ್ಲಿ 23 ಕಂಚಿನ ಭೂತಗಳಿದ್ದವು, ಈಗ ಅದಕ್ಕಿಂತ ಎಷ್ಟೋ ಹೆಚ್ಚು. ಕುಟುಂಬ ಸಮೇತ ಹೋಗಿ ಒಂದೊಂದರ ಜೊತೆ ಸೆಲ್ಫಿ ತಗೋತಾರೆ.

ಆದರೆ ಒಂದು ಕಡೆ ಕಪ್ಪಾ ಇನ್ನೂ ಹಳೇ ಕೆಲಸವನ್ನೇ ಮಾಡ್ತಿದೆ. ಜಪಾನಿನ ಎಷ್ಟೋ ಕೆರೆ, ಕಾಲುವೆಗಳ ಬಳಿ "ಅಪಾಯ! ಇಲ್ಲಿ ಆಡಬೇಡಿ" ಅನ್ನೋ ಬೋರ್ಡಿನಲ್ಲಿ ಅದರ ಚಿತ್ರ ಇರುತ್ತೆ. ಓದೋಕೆ ಬಾರದ ಮಗುವಿಗೂ ಅದು ಅರ್ಥ ಆಗುತ್ತೆ.

8/8
ಈಗ ನಿಮ್ಮ ವಿಷಯಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅದರಲ್ಲಿ ಮಕ್ಕಳು, ನಮ್ಮ ವಯಸ್ಸಿನವರೇ ತುಂಬ. ಮೇಕೆದಾಟುಗೆ ಟ್ರಿಪ್ ಹೋದವರಿಗೆ ಗೊತ್ತು: ಮೇಲೆ ಶಾಂತವಾಗಿ ಕಾಣೋ ನೀರು, ಒಳಗೆ ಬಂಡೆಯ ಗುಂಡಿ, ಸುಳಿ. ಬೋರ್ಡ್ ಇರುತ್ತೆ. ನಾವು ಅದಕ್ಕೆ ಒರಗಿಕೊಂಡು ಫೋಟೋ ತೆಗೆಸ್ಕೋತೀವಿ.

"ಆ ಮಡುವಿಗೆ ಇಳೀಬೇಡ, ಅಲ್ಲಿ ಏನೋ ಇದೆ" ಅಂತ ಅಜ್ಜಿ ಹೇಳಿದ್ರೆ ಭೂತ ನಂಬಬೇಕಿಲ್ಲ. ಆದರೆ ಆ ಮಾತಿನ ಹಿಂದೆ ಹಿಂದೆಂದೋ ಮನೆಗೆ ವಾಪಸ್ ಬರದ ಒಂದು ಮಗು ಇದ್ದಿರಬಹುದು. ಅದನ್ನು ನಂಬಿ. ನೀರಿಗೆ ಇಳಿಯೋ ಮುಂಚೆ ಅಲ್ಲಿನ ಊರವರನ್ನು ಒಂದು ಮಾತು ಕೇಳಿ.

ಈ ವಾರದ ಹೋಂವರ್ಕ್: ನಿಮ್ಮ ಊರಿನ ಕೆರೆ, ಬಾವಿ, ಹೊಳೆಯಲ್ಲಿ "ಏನಿದೆ" ಅಂತ ಮನೆಯ ಹಿರಿಯರನ್ನು ಕೇಳಿ ಬರೆದಿಟ್ಕೊಳ್ಳಿ. ಸಸಾಕಿ ಕಿಝೆನ್ ಹೇಳಿದಾಗ ಅವನೂ ಇಪ್ಪತ್ತರ ಆಸುಪಾಸಿನ ಹುಡುಗ.

ಮುಂದಿನ ಭಾಗ: ತೆಂಗು. ತೆಂಗಿನಕಾಯಿ ಅಲ್ರೀ, ಉದ್ದ ಮೂಗಿನ ಬೆಟ್ಟದ ಭೂತ!

#ಏಷ್ಯಾದಭೂತಗಳು #ಕಪ್ಪಾ #ಇತಿಹಾಸಕನ್ನಡದಲ್ಲಿ